ಕಂಪನಿ ಮಾಡಿದರೆ ಹೊಸ ಮಾಡೆಲ್, ಮೆಕ್ಯಾನಿಕ್ ಮಾಡಿದರೆ ಅಪರಾಧ: ಅಂಬಾಸಿಡರ್‌ಗೆ ದೊಡ್ಡ ಎಂಜಿನ್ ಕೂರಿಸುವ ಕತೆ

ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್ ಇಳಿಸಿ, ಆ ಜಾಗಕ್ಕೆ 1817 ಸಿಸಿಯ ಇಸುಜು ಎಂಜಿನ್ ಕೂರಿಸಿದರೆ ಅದು ಅಪರಾಧವೇ? ಭಾರತದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಯಾರು ಕೂರಿಸಿದರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

1990ರ ದಶಕದ ಮೊದಲ ವರ್ಷಗಳಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಈ ಕೆಲಸ ಮಾಡಿತು. ಹೊರಗೆ ಅದೇ ದುಂಡು ಬಾಡಿ, ಹಿಂದೆ ಅದೇ ಲೀಫ್ ಸ್ಪ್ರಿಂಗ್, ಬಾನೆಟ್ಟಿನ ಕೆಳಗೆ ಮಾತ್ರ ಜಪಾನ್ ಮೂಲದ ಎಂಜಿನ್. 50ರ ಆಸುಪಾಸಿನಲ್ಲಿದ್ದ ಹಾರ್ಸ್‌ಪವರ್ 75ಕ್ಕೆ ಏರಿತು, ನಾಲ್ಕು ಗೇರಿನ ಬದಲು ಐದು ಗೇರ್ ಬಂತು. ಅದು ಶೋರೂಮಿಗೆ ಹೊಸ ಮಾಡೆಲ್ ಆಗಿ ಬಂತು, ಸರ್ಕಾರಿ ಇಲಾಖೆಗಳೂ ಕೊಂಡವು.

ಇವತ್ತು ನಿಮ್ಮ ಮನೆಯಲ್ಲಿರುವ 1985ರ ಅಂಬಾಸಿಡರ್‌ಗೆ ಒಬ್ಬ ನುರಿತ ಮೆಕ್ಯಾನಿಕ್ ಕೈಯಲ್ಲಿ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಹಾಕಿಸಿ ನೋಡಿ. ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಮಾಲೀಕರಾದ ನಿಮಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಎಂಜಿನ್ ಒಂದೇ, ಬಾಡಿ ಒಂದೇ. ಅಪಾಯವೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಕಾನೂನು ಅಳೆಯುತ್ತಿರುವುದು ಏನನ್ನು? ಇದು ಹಳೇ ಕಾರಿನ ಶೋಕಿಯವರ ತಲೆಬಿಸಿ ಅಂತ ಪಕ್ಕಕ್ಕಿಡುವ ಮೊದಲು ಸ್ವಲ್ಪ ಯೋಚಿಸಬೇಕು. ನಮ್ಮದೇ ವಸ್ತುವನ್ನು ರಿಪೇರಿ ಮಾಡುವ, ಬದಲಿಸುವ ಹಕ್ಕು ಯಾರದ್ದು, ಕೈಕೆಲಸದ ಜ್ಞಾನಕ್ಕೆ ಈ ದೇಶದ ಕಾನೂನಿನಲ್ಲಿ ಏನು ಬೆಲೆ ಅನ್ನೋ ಪ್ರಶ್ನೆಗಳು ಇದರೊಳಗಿವೆ.

ಈ ಕಾರುಗಳಿಗೆ ದಮ್ಮು ಯಾಕಿರಲಿಲ್ಲ?

ಸ್ವಾತಂತ್ರ್ಯದ ನಂತರ ದಶಕಗಳ ಕಾಲ ಕಾರು ತಯಾರಿಕೆ ಲೈಸೆನ್ಸ್ ರಾಜ್‌ನ ಬಿಗಿಮುಷ್ಟಿಯಲ್ಲಿತ್ತು. ಎಷ್ಟು ಕಾರು ತಯಾರಿಸಬೇಕು, ಯಾವ ಯಂತ್ರ ಆಮದು ಮಾಡಿಕೊಳ್ಳಬಹುದು ಎಲ್ಲಕ್ಕೂ ದೆಹಲಿಯ ಅಪ್ಪಣೆ ಬೇಕಿತ್ತು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಇದ್ದದ್ದು ಮೂರು ಕಂಪನಿ: ಹಿಂದೂಸ್ತಾನ್ ಮೋಟಾರ್ಸ್, ಪ್ರೀಮಿಯರ್, ಸ್ಟ್ಯಾಂಡರ್ಡ್. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು. ಹಾಗಾಗಿ ಎಂಜಿನ್ ಸುಧಾರಿಸಬೇಕು ಅನ್ನೋ ಒತ್ತಡ ಯಾವ ಕಂಪನಿಗೂ ಇರಲಿಲ್ಲ.

ಅಂಬಾಸಿಡರ್ ಅಂದರೆ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಲ್ಲಿ ಅದಕ್ಕೆ ಮೊದಲು ಸೈಡ್ ವಾಲ್ವ್ ಎಂಜಿನ್ ಇತ್ತು. ಆಮೇಲೆ ಬಿಎಂಸಿ ಕಂಪನಿಯ ‘ಬಿ ಸೀರೀಸ್’ನ 1489 ಸಿಸಿ ಎಂಜಿನ್ ಬಂತು. ಒಂದು ಟನ್ನಿಗೂ ಮೀರಿದ ತೂಕದ, ಒಂದಿಡೀ ಕುಟುಂಬ ಮತ್ತು ಮೇಲೆ ಕ್ಯಾರಿಯರ್ ತುಂಬ ಲಗೇಜು ಹೊರುವ ಕಾರನ್ನು ಆ ಎಂಜಿನ್ ದಶಕಗಟ್ಟಲೆ ಎಳೆಯಿತು.

1984ರಲ್ಲಿ ಬಂದ ಕಾಂಟೆಸಾ ಇನ್ನೂ ಮಜವಾದ ಉದಾಹರಣೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ದೊಡ್ಡ, ಅಗಲವಾದ ಬಾಡಿಯನ್ನು ತಂದು, ಅದರೊಳಗೆ ಅಂಬಾಸಿಡರ್‌ನ ಅದೇ 1489 ಸಿಸಿ ಎಂಜಿನ್ ಇಟ್ಟರು. ಆನೆಗೆ ಆಡಿನ ಕಾಲು. ಕೊನೆಗೆ ಕಂಪನಿಯೇ ಇಸುಜು ಎಂಜಿನ್ ಹಾಕಿ ಅದಕ್ಕೆ ಜೀವ ಕೊಟ್ಟಿತು. ಪ್ರೀಮಿಯರ್ ಕಂಪನಿಯ 118ಎನ್‌ಇ ಕಾರಿನಲ್ಲಿ ಫಿಯೆಟ್ 124 ಬಾಡಿ ಇತ್ತು, ನಿಸಾನ್ ಎಂಜಿನ್ ಇತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ರೋವರ್ ಎಸ್‌ಡಿ1 ಬಾಡಿಯನ್ನು ತಂದಿತು. ಬ್ರಿಟನ್ನಿನಲ್ಲಿ ಆ ಕಾರು ಮೂರೂವರೆ ಲೀಟರಿನ ವಿ8 ಎಂಜಿನ್ ಜೊತೆ ಹೆಸರು ಮಾಡಿತ್ತು. ಇಲ್ಲಿ ಅದಕ್ಕೆ ಸಿಕ್ಕಿದ್ದು ತನ್ನ ಹಳೇ ವ್ಯಾನ್‌ಗಾರ್ಡ್ ಕಾಲದ ಎರಡು ಲೀಟರ್ ಎಂಜಿನ್. ಕಾರು ಬಹಳ ದಿನ ಬದುಕಲಿಲ್ಲ.

ಅಂದ್ರೆ, ಒಂದು ಕಾರಿನ ಹೊಟ್ಟೆಗೆ ಇನ್ನೊಂದರ ಎಂಜಿನ್ ಕೂರಿಸೋದು ಯಾವುದೋ ಗ್ಯಾರೇಜಿನ ಕಿತಾಪತಿ ಮಾತ್ರ ಆಗಿರಲಿಲ್ಲ. ಭಾರತದ ಕಾರು ಉದ್ಯಮ ನಡೆದುಬಂದ ದಾರಿಯೇ ಅದು.

ಎಂಜಿನ್ ಬದಲಿಸೋದು ಅಂದರೆ ಏನೇನು ಬದಲಿಸೋದು?

ರೀಲ್ಸ್ ನೋಡಿದವರಿಗೆ ಇದು ಸಲೀಸು ಅನ್ನಿಸುತ್ತೆ. ಚೈನ್ ಬ್ಲಾಕಿನಲ್ಲಿ ಹಳೇ ಎಂಜಿನ್ ಎತ್ತೋದು, ಹೊಸದು ಇಳಿಸೋದು, ಸ್ಟಾರ್ಟ್ ಮಾಡೋದು. ನಿಜವಾದ ಕೆಲಸ ಆ ಎರಡು ದೃಶ್ಯಗಳ ನಡುವೆ ಇದೆ.

ಮೊದಲ ಪ್ರಶ್ನೆ, ಎಂಜಿನ್ ಯಾವ ದಿಕ್ಕಿಗೆ ಕೂರುತ್ತೆ ಅನ್ನೋದು. ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತು ಹಿಂಚಕ್ರವನ್ನು ತಿರುಗಿಸುತ್ತೆ. ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂಚಕ್ರವನ್ನು ತಿರುಗಿಸುತ್ತೆ. ಹಾಗಾಗಿ ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಹೊಸ ಕಾಲದ ಎಂಜಿನ್‌ಗಳಲ್ಲಿ ಹೆಚ್ಚಿನವು ಈ ಕೆಲಸಕ್ಕೆ ಸುಲಭವಾಗಿ ಒದಗಲ್ಲ. ಕಾಂಟೆಸಾದ ಇಸುಜು ಎಂಜಿನ್ನಿಗೆ ಅಷ್ಟು ಬೇಡಿಕೆ ಇರೋದು ಇದೇ ಕಾರಣಕ್ಕೆ. ಅದು ಉದ್ದುದ್ದಕ್ಕೆ ಕೂರುತ್ತೆ, ಅದರದ್ದೇ ಐದು ಗೇರಿನ ಗೇರ್‌ಬಾಕ್ಸ್ ಇದೆ, ಕಂಪನಿಯೇ ಅದನ್ನು ಅಂಬಾಸಿಡರ್‌ನಲ್ಲಿ ಕೂರಿಸಿ ತೋರಿಸಿದೆ.

ಆಮೇಲೆ ಮೌಂಟಿಂಗ್. ಎಂಜಿನ್ ನಿಲ್ಲುವ ರಬ್ಬರ್ ಮೌಂಟಿಂಗ್‌ಗಳು ಒಂದು ಕಡೆ ತೂಕ ಹೊರಬೇಕು, ಇನ್ನೊಂದು ಕಡೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಿರುಚಿಕೊಳ್ಳುವುದನ್ನು ತಡೆಯಬೇಕು. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯ ಅಡಿಭಾಗವೇ ಚಾಸಿಯ ಕೆಲಸ ಮಾಡುತ್ತೆ. ತಪ್ಪು ಜಾಗದಲ್ಲಿ ಬ್ರಾಕೆಟ್ ವೆಲ್ಡ್ ಮಾಡಿದರೆ, ತುಕ್ಕು ಹಿಡಿದ ತಗಡು ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತೆ. ಎಂಜಿನ್ನಿನ ಆಯಿಲ್ ಸಂಪ್ ಕೆಳಗಿನ ಕ್ರಾಸ್ ಮೆಂಬರಿಗೂ ಸ್ಟೀರಿಂಗಿನ ಭಾಗಗಳಿಗೂ ತಾಗಬಾರದು. ತಾಗಿದರೆ ಒಂದು ದೊಡ್ಡ ಗುಂಡಿ ಸಾಕು.

ಗೇರ್‌ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲರ್ ಶಾಫ್ಟಿನ ಉದ್ದವೂ ಬದಲಾಗಬೇಕು. ಅದನ್ನು ಕತ್ತರಿಸಿ, ವೆಲ್ಡ್ ಮಾಡಿ, ಬ್ಯಾಲೆನ್ಸ್ ಮಾಡಿಸಬೇಕು. ಬ್ಯಾಲೆನ್ಸ್ ತಪ್ಪಿದ ಶಾಫ್ಟ್ ಕಡಿಮೆ ವೇಗದಲ್ಲಿ ಗೊತ್ತೇ ಆಗಲ್ಲ, ಸ್ಪೀಡ್ ಏರಿದಾಗ ಇಡೀ ಕಾರನ್ನು ನಡುಗಿಸುತ್ತೆ. ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ ಹಳೇ ಎಂಜಿನ್ನಿನ ಶಕ್ತಿಗೆ ಲೆಕ್ಕ ಹಾಕಿ ಮಾಡಿದ್ದು. ಹೊಸ ಎಂಜಿನ್ನಿಗೆ ರೇಡಿಯೇಟರ್ ಸಾಲದು, ಕ್ಲಚ್ ಬೇರೆ ಬೇಕು, ವೈರಿಂಗ್ ಹೊಸದಾಗಿ ಎಳೆಯಬೇಕು. ಎಂಜಿನ್ನಿನ ತೂಕ ಬದಲಾದರೆ ಮುಂದಿನ ಸಸ್ಪೆನ್ಷನ್ ಮಟ್ಟವನ್ನೂ ಮತ್ತೆ ಹೊಂದಿಸಬೇಕು.

ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿ, ಜೆ.ಸಿ. ರಸ್ತೆಯ ಬಿಡಿಭಾಗದ ಮಳಿಗೆ, ಊರೂರಿನ ಲೇತ್ ಶಾಪುಗಳಲ್ಲಿ ಇಂಥ ಕೆಲಸ ಬಲ್ಲವರಿದ್ದಾರೆ. ಹೆಚ್ಚಿನವರು ಕಾಲೇಜಿನಲ್ಲಿ ಕಲಿತವರಲ್ಲ, ಚಿಕ್ಕಂದಿನಲ್ಲೇ ಸ್ಪ್ಯಾನರ್ ಹಿಡಿದು ಉಸ್ತಾದರ ಪಕ್ಕದಲ್ಲಿ ನಿಂತು ಕಲಿತವರು. ಆದರೆ ಅದೇ ಬೀದಿಯಲ್ಲಿ ಬ್ರಾಕೆಟ್ಟನ್ನು ಅಂದಾಜಿನಲ್ಲಿ ವೆಲ್ಡ್ ಮಾಡಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಇಬ್ಬರ ಕೆಲಸವೂ ಒಂದೇ ಥರ ಕಾಣುತ್ತೆ.

ಹೆಡರ್ ಅಂದರೆ ಸದ್ದಲ್ಲ

ದೊಡ್ಡ ಎಂಜಿನ್ ಜೊತೆ ಕೇಳಿಬರುವ ಇನ್ನೊಂದು ಪದ ಹೆಡರ್. ಬೈಕ್ ಮೆಕ್ಯಾನಿಕ್‌ಗಳು ಬೆಂಡ್ ಪೈಪ್ ಅನ್ನುತ್ತಾರಲ್ಲ, ಕಾರಿನಲ್ಲಿ ಅದೇ ಕೆಲಸ ಮಾಡುವ ಕೊಳವೆಗಳ ಗುಂಪು ಇದು.

ಬಿಎಂಟಿಸಿ ಬಸ್ಸು ಹತ್ತಿದವರಿಗೆ ಇದರ ತತ್ವ ಬೇಗ ಅರ್ಥವಾಗುತ್ತೆ. ಇಳಿಯೋರು ಇಳಿಯೋವರೆಗೂ ಹತ್ತೋರಿಗೆ ಜಾಗ ಇಲ್ಲ. ಎಂಜಿನ್ನಿನ ಸಿಲಿಂಡರ್ ಕೂಡ ಹಾಗೇ. ಉರಿದ ಹೊಗೆ ಪೂರ್ತಿ ಹೊರಗೆ ಹೋದರಷ್ಟೇ ಹೊಸ ಗಾಳಿ ಮತ್ತು ಪೆಟ್ರೋಲ್ ತುಂಬೋಕೆ ಆಗೋದು. ನಾಲ್ಕು ಸಿಲಿಂಡರಿನ ಎಂಜಿನ್ 4,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಪ್ರತಿ ಸೆಕೆಂಡಿಗೆ ಸುಮಾರು 133 ಸಲ ಹೊಗೆಯ ಒಂದೊಂದು ಗುಕ್ಕು ಹೊರಗೆ ನುಗ್ಗುತ್ತೆ. ಕಂಪನಿ ಕೊಡುವ ಎರಕದ ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ಈ ಗುಕ್ಕುಗಳೆಲ್ಲ ಗಿಡ್ಡ ದಾರಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದುಕೊಳ್ಳುತ್ತವೆ.

ಹೆಡರ್ ಮಾಡುವ ಕೆಲಸ, ಪ್ರತಿ ಸಿಲಿಂಡರಿನ ಹೊಗೆಗೂ ಸ್ವಲ್ಪ ದೂರದವರೆಗೆ ಪ್ರತ್ಯೇಕ ದಾರಿ ಕೊಟ್ಟು, ಸರಿಯಾದ ಜಾಗದಲ್ಲಿ ಸೇರಿಸುವುದು. ಈ ಎಂಜಿನ್‌ಗಳಲ್ಲಿ ಬೆಂಕಿ ಹತ್ತುವ ಕ್ರಮ 1-3-4-2. ಒಂದು ಮತ್ತು ನಾಲ್ಕನೆಯದು ಪರಸ್ಪರ ದೂರದ ಸಮಯದಲ್ಲಿ ಹೊಗೆ ಬಿಡುತ್ತವೆ. ಎರಡು ಮತ್ತು ಮೂರನೆಯದೂ ಹಾಗೇ. ಆದ್ದರಿಂದ ನಾಲ್ಕು ಕೊಳವೆಯನ್ನು ಈ ಜೋಡಿಗಳಲ್ಲಿ ಎರಡಾಗಿಸಿ, ಆಮೇಲೆ ಒಂದಾಗಿಸುತ್ತಾರೆ. ಇದೇ 4-2-1 ಹೆಡರ್. ಕೊಳವೆಗಳು ಸೇರುವ ಜಾಗದಲ್ಲಿ ಹೊಗೆ ಹಿಗ್ಗಿದಾಗ, ಕಡಿಮೆ ಒತ್ತಡದ ಒಂದು ಅಲೆ ಹಿಂದಕ್ಕೆ ಓಡುತ್ತೆ. ಸರಿಯಾದ ಹೊತ್ತಿಗೆ ಅದು ವಾಲ್ವ್ ತಲುಪಿದರೆ ಉಳಿದ ಹೊಗೆಯನ್ನು ಎಳೆದುಹಾಕುತ್ತೆ. ಆ ಹೊತ್ತನ್ನು ನಿರ್ಧರಿಸುವುದು ಕೊಳವೆಯ ಉದ್ದ. ಅದಕ್ಕೇ ಹೆಡರ್ ಎಲ್ಲ ವೇಗದಲ್ಲೂ ಒಂದೇ ಥರ ಲಾಭ ಕೊಡಲ್ಲ.

ಹಳೇ ಅಂಬಾಸಿಡರ್‌ನ ಬಿ ಸೀರೀಸ್ ಎಂಜಿನ್ನಿನಲ್ಲಿ ಒಂದು ವಿಶೇಷ ಇದೆ. ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಬರುವ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರುಗಳು ಒಂದೇ ಬಾಯಿ ಹಂಚಿಕೊಳ್ಳುತ್ತವೆ. ಹಾಗಾಗಿ ಅದಕ್ಕೆ ಹೆಡರ್ ಮಾಡುವುದಾದರೆ ಮೂರು ಕೊಳವೆಯದ್ದು. ಬೇರೆ ಎಂಜಿನ್ನಿನ ನಾಲ್ಕು ಕೊಳವೆಯ ಹೆಡರ್ ತಂದು ಹೊಂದಿಸೋಣ ಅಂದರೆ ಆಗದ ಮಾತು. ಜೊತೆಗೆ ಕಾರ್ಬುರೇಟರೂ ಅದೇ ಪಕ್ಕದಲ್ಲಿದೆ. ತೆಳು ಉಕ್ಕಿನ ಹೆಡರ್ ಎರಕದ ಮ್ಯಾನಿಫೋಲ್ಡಿಗಿಂತ ಹೆಚ್ಚು ಬಿಸಿಯನ್ನು ಸುತ್ತ ಕಾರುತ್ತೆ. ನಡುವೆ ಬಿಸಿ ತಡೆಯುವ ತಗಡು ಇಲ್ಲದಿದ್ದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಸಿಗ್ನಲ್ಲಿನಲ್ಲಿ ಎಂಜಿನ್ ನಿಂತುಹೋಗುತ್ತೆ. ವೈರಿಂಗೋ ಬ್ರೇಕ್ ಪೈಪೋ ಹತ್ತಿರ ಇದ್ದರೆ ಇನ್ನೂ ಅಪಾಯ.

ಮುಖ್ಯ ವಿಷಯ: ಕಿವಿಗಡಚಿಕ್ಕುವ ಸದ್ದು ಹೆಡರಿನದ್ದಲ್ಲ, ಸೈಲೆನ್ಸರ್ ತೆಗೆದದ್ದರ ಫಲ. ಹೆಡರ್ ಇರುವುದು ಎಂಜಿನ್ನಿನ ಬಾಯಲ್ಲಿ, ಸೈಲೆನ್ಸರ್ ಇರುವುದು ಹಿಂದೆ. ಒಳ್ಳೆ ಹೆಡರ್ ಹಾಕಿ ಸರಿಯಾದ ಸೈಲೆನ್ಸರ್ ಉಳಿಸಿಕೊಂಡ ಕಾರು ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಿಸಬೇಕಿಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಖಾಲಿ ಪೈಪಿನಲ್ಲಿ ಗುಡುಗಿಸುವವರದ್ದು ಎಂಜಿನಿಯರಿಂಗ್ ಅಲ್ಲ, ದುರಹಂಕಾರ ಅಷ್ಟೆ.

ಓಡೋದು ಸುಲಭ, ನಿಲ್ಲೋದು ಕಷ್ಟ

ಹಾಕುವ ಶಕ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬ್ರೇಕಿನ ಬಗ್ಗೆ ಕೇಳೋರು ಕಮ್ಮಿ.

ಓಡುವ ಕಾರಿನಲ್ಲಿರುವ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80 ಕಿಲೋಮೀಟರ್ ವೇಗದ ಕಾರು 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ. 25. ಆದರೆ ನಿಲ್ಲಿಸುವಾಗ ಬ್ರೇಕುಗಳು ಬಿಸಿಯಾಗಿ ನುಂಗಬೇಕಾದ ಶಕ್ತಿ ಹೆಚ್ಚಿದ್ದು ಶೇ. 56. ಹಳೇ ಅಂಬಾಸಿಡರ್‌ನ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕ್. ಮುಚ್ಚಿದ ಡ್ರಮ್ಮಿನೊಳಗಿನ ಬಿಸಿ ಬೇಗ ಹೊರಗೆ ಹೋಗಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಪದೇಪದೇ ಬ್ರೇಕ್ ಒತ್ತಿದರೆ ಪೆಡಲ್ ಇದ್ದಂಗೇ ಇರುತ್ತೆ, ಹಿಡಿತ ಮಾತ್ರ ಕರಗಿಹೋಗುತ್ತೆ.

ಹಾಗಾಗಿ ಬಲ್ಲ ಮೆಕ್ಯಾನಿಕ್ ಎಂಜಿನ್ ಮಾತು ಎತ್ತುವ ಮೊದಲೇ ಬ್ರೇಕಿನ ಮಾತು ಎತ್ತುತ್ತಾರೆ: ಮುಂದೆ ಡಿಸ್ಕ್, ಬ್ರೇಕ್ ಬೂಸ್ಟರ್, ಹೊಸ ಪೈಪು, ಒಳ್ಳೆ ಟೈರು. ಇದೆಲ್ಲ ಸೇರಿದರೆ ಖರ್ಚು ಏರುತ್ತೆ. ಇಲ್ಲೇ ಕಾನೂನಿನ ಪಾತ್ರ ಶುರುವಾಗಬೇಕಿತ್ತು. ಖರ್ಚು ಉಳಿಸೋಕೆ ಬ್ರೇಕ್ ಬಿಟ್ಟು ಬರೀ ಎಂಜಿನ್ ಹಾಕಿಸಿದವರನ್ನು ಹಿಡಿದು ನಿಲ್ಲಿಸಬೇಕಿದ್ದು ಕಾನೂನು. ನಮ್ಮ ಕಾನೂನು ಆ ಪ್ರಶ್ನೆಯನ್ನೇ ಕೇಳಲ್ಲ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲದಲ್ಲಿ ಬೇರೆ ಥರ ಇತ್ತು. ವಾಹನದಲ್ಲಿ ಮಾರ್ಪಾಡು ಮಾಡುವವರು ಆರ್‌ಟಿಒಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿಗೆ ಸಿಕ್ಕರೆ ಆರ್‌ಸಿಯಲ್ಲಿ ಬದಲಾವಣೆ ಬರೆಸಿಕೊಳ್ಳಬಹುದಿತ್ತು. ಅಂದರೆ ಬಾಗಿಲಿತ್ತು, ಕಾವಲುಗಾರ ಇದ್ದ.

2000ನೇ ಇಸವಿಯ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ತಯಾರಕ ಕಂಪನಿ ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದೇ ಹೋಗುವಂಥ ಯಾವ ಮಾರ್ಪಾಡನ್ನೂ ಮಾಲೀಕರು ಮಾಡುವಂತಿಲ್ಲ ಅಂತಾಯಿತು. ಎಂಜಿನ್ ಸಾಮರ್ಥ್ಯ ಆರ್‌ಸಿಯಲ್ಲೇ ಇರುವ ವಿವರ. 1489 ಇದ್ದದ್ದು 1817 ಆದರೆ ಅಲ್ಲಿಗೆ ಮುಗೀತು. ಕೆಟ್ಟ ಎಂಜಿನ್ನಿನ ಬದಲು ಅದೇ ಮೇಕ್, ಅದೇ ಮಾದರಿಯ ಎಂಜಿನ್ ಹಾಕಿಸುವುದನ್ನು ಕಾಯ್ದೆ ಗುರುತಿಸುತ್ತದೆ, ಅದನ್ನು ಆರ್‌ಟಿಒಗೆ ತಿಳಿಸಬೇಕು.

2019ರ ಜನವರಿಯಲ್ಲಿ, ಕೇರಳದಿಂದ ಬಂದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಕೇರಳ ಹೈಕೋರ್ಟ್ ಸ್ವಲ್ಪ ಸಡಿಲವಾಗಿ ಓದಿದ್ದ ನಿಯಮವನ್ನು ಬದಿಗಿಟ್ಟು, ಕಂಪನಿ ನಮೂದಿಸಿದ್ದಕ್ಕಿಂತ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಜೈಲು ಮತ್ತು 5,000 ರೂಪಾಯಿ ದಂಡದ 182ಎ ಸೆಕ್ಷನ್ ಬಂತು.

ಹೆಡರಿನ ಕತೆ ಸ್ವಲ್ಪ ಬೇರೆ. ಅದು ಆರ್‌ಸಿಯಲ್ಲಿ ಬರೆಯುವ ವಿವರ ಅಲ್ಲ. ಆದರೆ ವಾಹನಕ್ಕೆ ಸೈಲೆನ್ಸರ್ ಇರಲೇಬೇಕು ಅನ್ನೋ ನಿಯಮ ಇದೆ, ಹೊಗೆಯ ಮಿತಿ ಇದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ಇಷ್ಟಾದರೂ ಮಿತಿಯೊಳಗಿರುವ ಹೆಡರ್ ಸರಿಯೋ ತಪ್ಪೋ ಅಂತ ರಸ್ತೆಯಲ್ಲಿ ತೀರ್ಮಾನ ಮಾಡುವುದು ಹೆಚ್ಚಾಗಿ ಪೊಲೀಸರ ಕಿವಿ.

‘ಮೂಲ ಸ್ಥಿತಿ’ಯ ಮೋಹ ಇನ್ನೊಂದು ಕಡೆಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. 20,000 ರೂಪಾಯಿ ಶುಲ್ಕ, ಪ್ರತ್ಯೇಕ ನಂಬರ್ ಪ್ಲೇಟ್. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗಾಗಿ ಎಂಜಿನ್ ಬದಲಿಸಿದ ಹಳೇ ಕಾರಿಗೆ ಮಾಮೂಲಿ ಆರ್‌ಸಿಯೂ ಸಲ್ಲದು, ವಿಂಟೇಜ್ ಗೌರವವೂ ಇಲ್ಲ.

ಸರ್ಕಾರದ ವಾದದಲ್ಲೂ ಹುರುಳಿದೆ

ನಿಯಮ ಬಿಗಿ ಇರಬೇಕು ಅನ್ನುವವರನ್ನು ಸುಮ್ಮನೆ ಗೇಲಿ ಮಾಡುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲೇ 2022ರ ಒಂದೇ ವರ್ಷ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತಿದ್ದಾರೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಯಾರದ್ದೋ ಶೋಕಿಯ ಪ್ರಯೋಗ ಜೀವಕ್ಕೆ ಎರವಾಗಬಾರದು. ರಸ್ತೆ ಕಾರಿದ್ದವರಪ್ಪನ ಆಸ್ತಿ ಅಲ್ಲ. ಗಾಳಿಯೂ ಅಷ್ಟೇ. ಮಾರ್ಪಾಡಿಗೆ ಹಕ್ಕು ಬೇಕು ಅನ್ನುವವರು ಮೊದಲು ಈ ಮಾತು ಒಪ್ಪಬೇಕು.

ಹೊಗೆಯ ಲೆಕ್ಕ ಮಾತ್ರ ನಾವು ಅಂದುಕೊಂಡಷ್ಟು ನೇರ ಇಲ್ಲ. ಎಂಜಿನ್ ದೊಡ್ಡದಾದರೆ ಹೊಗೆ ಹೆಚ್ಚು ಅನ್ನೋದು ಯಾವಾಗಲೂ ನಿಜ ಅಲ್ಲ. ಕಾರ್ಬುರೇಟರ್ ಇರುವ, ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ 1489 ಸಿಸಿ ಎಂಜಿನ್ ಉಗುಳುವ ವಿಷಕ್ಕಿಂತ, ಫ್ಯುಯಲ್ ಇಂಜೆಕ್ಷನ್ ಮತ್ತು ಕನ್ವರ್ಟರ್ ಎರಡನ್ನೂ ಉಳಿಸಿಕೊಂಡು ಸರಿಯಾಗಿ ಕೂರಿಸಿದ ಹೊಸ ಕಾಲದ ದೊಡ್ಡ ಎಂಜಿನ್ ಕಡಿಮೆ ಉಗುಳಬಹುದು. 2000ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟಿನಲ್ಲಿ ಶೇ. 3ರವರೆಗೆ ಕಾರ್ಬನ್ ಮಾನಾಕ್ಸೈಡ್ ಒಪ್ಪಿಗೆ. ಈಗಿನ ಕಾನೂನಿನ ಕಣ್ಣಲ್ಲಿ ಆ ಹಳೇ ಎಂಜಿನ್ ‘ಮೂಲ’, ಆದ್ದರಿಂದ ಸರಿ. ಶುದ್ಧವಾದ ಹೊಸದು ಅಕ್ರಮ.

ಬಾಗಿಲು ಮುಚ್ಚಿದರೆ ಕೆಲಸ ನಿಲ್ಲಲ್ಲ, ಕತ್ತಲಲ್ಲಿ ನಡೆಯುತ್ತೆ

ನಿಷೇಧ ಇದ್ದರೂ ಎಂಜಿನ್ ಬದಲಾವಣೆ ನಿಂತಿಲ್ಲ. ಬದಲಾಗಿದ್ದು, ಅದು ಲೆಕ್ಕಕ್ಕೆ ಸಿಗದ ಹಾಗೆ ನಡೆಯುತ್ತಿದೆ ಅನ್ನೋದು. ಬಿಲ್ ಇಲ್ಲ, ಕೆಲಸ ಮಾಡಿದವರ ಸಹಿ ಇಲ್ಲ, ಪರೀಕ್ಷೆ ಇಲ್ಲ. ಬ್ರೇಕ್ ಹಾಕಿಸಿದ್ದಾರೋ ಬಿಟ್ಟಿದ್ದಾರೋ ನೋಡೋರಿಲ್ಲ. ಕೆಟ್ಟ ವೆಲ್ಡಿಂಗ್ ಮಾಡಿದವರಿಗೆ ಹೊಣೆ ಇಲ್ಲ. ಒಳ್ಳೆ ಕೆಲಸ ಮಾಡಿದವರಿಗೆ ಹೆಸರೂ ಇಲ್ಲ, ತನ್ನ ಕೆಲಸವನ್ನು ಬೋರ್ಡ್ ಹಾಕಿ ಹೇಳಿಕೊಳ್ಳುವ ಧೈರ್ಯವೂ ಇಲ್ಲ.

ಇನ್ಶೂರೆನ್ಸಿನ ಗೊಂದಲ ನೋಡಿ. 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲಿ 1000ದಿಂದ 1500 ಸಿಸಿ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ, 1500 ಸಿಸಿ ದಾಟಿದರೆ 7,897. ಕಾಗದದಲ್ಲಿ 1489 ಇರುವ, ಬಾನೆಟ್ಟಿನ ಕೆಳಗೆ 1817 ಇರುವ ಕಾರು ಕಟ್ಟುತ್ತಿರುವುದು ಮೊದಲನೆಯದನ್ನು. ಅಪಘಾತ ಆದಾಗ ಕಾರಿನ ರಿಪೇರಿ ಕ್ಲೈಮ್ ತಳ್ಳಿಹಾಕೋಕೆ ಕಂಪನಿಗೆ ಸಿದ್ಧ ಕಾರಣ ಸಿಗುತ್ತೆ. ನಿಜ ಹೇಳಿ ಹೆಚ್ಚು ಪ್ರೀಮಿಯಂ ಕಟ್ಟುತ್ತೇನೆ ಅಂದರೂ ಮಾಲೀಕರಿಗೆ ದಾರಿ ಇಲ್ಲ. ಯಾಕೆಂದರೆ ನಿಜ ಹೇಳುವುದೆಂದರೆ ಅಪರಾಧ ಒಪ್ಪಿಕೊಂಡಂತೆ.

ಇನ್ನು ವರ್ಗದ ಪ್ರಶ್ನೆ. ದುಡ್ಡಿದ್ದವರು ಶೋರೂಮಿಗೆ ಹೋಗಿ ಅಂಬಾಸಿಡರ್‌ನ ಐದಾರು ಪಟ್ಟು ಶಕ್ತಿಯ ಕಾರನ್ನು ಕೊಂಡು, ಅದೇ ವಾರ ಅದೇ ರಸ್ತೆಗೆ ಇಳಿಸಬಹುದು. ಕಾನೂನು ಒಂದು ಮಾತೂ ಆಡಲ್ಲ. ಹೊಸ ವಿನ್ಯಾಸವನ್ನು ಪರೀಕ್ಷೆಗೆ ಒಡ್ಡಿ ಒಪ್ಪಿಗೆ ಪಡೆಯುವ ವ್ಯವಸ್ಥೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಇದೆ. ಆದರೆ ಅದು ಸಾವಿರಾರು ವಾಹನ ಮಾಡುವ ಕಂಪನಿಗಳ ಅಳತೆಗೆ ಹೊಲಿದ ಅಂಗಿ. ಒಂದೇ ಒಂದು ಕಾರಿನ ಮೇಲೆ ತಿಂಗಳುಗಟ್ಟಲೆ ಕೂರುವ ಮೆಕ್ಯಾನಿಕ್‌ಗೆ ಅದು ಆಗಿಬರಲ್ಲ.

ಬೇರೆ ದಾರಿ ಇದೆ, ನಮ್ಮಲ್ಲೇ ಇದೆ

ಬೆಂಗಳೂರಿನ ಆಟೋಗಳನ್ನೇ ತಗೊಳ್ಳಿ. ಪೆಟ್ರೋಲ್ ಆಟೋಗೆ ಎಲ್‌ಪಿಜಿ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ಬರೆಸಿ ಓಡಿಸುತ್ತಾರೆ. 52ನೇ ಸೆಕ್ಷನ್ನೇ ಇದಕ್ಕೆ ವಿನಾಯಿತಿ ಕೊಟ್ಟಿದೆ: ಎಲ್‌ಪಿಜಿ, ಸಿಎನ್‌ಜಿ, ಈಗ ಬ್ಯಾಟರಿ ಕೂಡ. ಹಳೇ ಕಾರಿನ ಎಂಜಿನ್ ಕಿತ್ತು ಎಲೆಕ್ಟ್ರಿಕ್ ಮೋಟಾರ್ ಕೂರಿಸುವ ಕಿಟ್‌ಗಳಿಗೆ ಎಐಎಸ್-123 ಅನ್ನೋ ಮಾನದಂಡ ಇದೆ. ಅನುಮೋದಿತ ಕಿಟ್, ಅಧಿಕೃತ ಕೇಂದ್ರ, ತಪಾಸಣೆ, ಆರ್‌ಸಿಯಲ್ಲಿ ನಮೂದು. ಇಂಧನದ ವಿಷಯದಲ್ಲಿ ಸರ್ಕಾರಕ್ಕೆ ನಂಬಿಕೆ ಬಂದಿದೆ. ಅಂದಮೇಲೆ ವರ್ಕ್‌ಶಾಪಿನ ಕೆಲಸವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಶಕ್ತಿ ಈ ವ್ಯವಸ್ಥೆಗೆ ಇಲ್ಲ ಅಂತ ಹೇಳೋಕಾಗಲ್ಲ.

ಹೊರದೇಶಗಳಲ್ಲೂ ಮಾದರಿಗಳಿವೆ. ಆಸ್ಟ್ರೇಲಿಯಾದಲ್ಲಿ ವಿಎಸ್‌ಬಿ 14 ಅನ್ನೋ ರಾಷ್ಟ್ರೀಯ ಸಂಹಿತೆ ಇದೆ. ಕಾರಿನ ತೂಕಕ್ಕೆ ತಕ್ಕಂತೆ ಎಂಜಿನ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ ಅದರಲ್ಲೇ ಇದೆ, ದೊಡ್ಡ ಮಾರ್ಪಾಡಿಗೆ ಅರ್ಹ ಎಂಜಿನಿಯರ್ ಪ್ರಮಾಣಪತ್ರ ಬೇಕು. ಜರ್ಮನಿಯಲ್ಲಿ ಟಿಯುವಿಯಂಥ ಸಂಸ್ಥೆಯ ತಜ್ಞರು ಒಂದೊಂದೇ ಕಾರನ್ನು ನೋಡಿ, ಒಪ್ಪಿಗೆಯಾದರೆ ದಾಖಲೆಯಲ್ಲಿ ಬರೆಯುತ್ತಾರೆ. ಇದು ಸಡಿಲ ಕಾನೂನು ಅಲ್ಲ. ಕೆಟ್ಟ ಕೆಲಸ ಅಲ್ಲಿ ದಾಟಿಬರೋದು ಕಷ್ಟ.

ಕರ್ನಾಟಕದಲ್ಲೂ ಇಂಥ ವ್ಯವಸ್ಥೆಗೆ ಬೇಕಾದ್ದು ಇದೆ. ಪ್ರತಿ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐ ಇವೆ. ಎಂಜಿನ್ ಗಾತ್ರಕ್ಕೆ ತೂಕದ ಆಧಾರದ ಮಿತಿ, ಶಕ್ತಿ ಹೆಚ್ಚಿಸಿದರೆ ಬ್ರೇಕ್ ಸುಧಾರಣೆ ಕಡ್ಡಾಯ, ಮೂಲ ಎಂಜಿನ್ನಿಗಿಂತ ಹೊಗೆ ಕಡಿಮೆ ಇರಲೇಬೇಕು ಅನ್ನೋ ಷರತ್ತು, ಸದ್ದಿಗೆ ಕಿವಿಯ ಬದಲು ಡೆಸಿಬೆಲ್ ಮೀಟರ್, ಕೆಲಸ ಮಾಡಿದ ಮೆಕ್ಯಾನಿಕ್ ಮತ್ತು ಪರಿಶೀಲಿಸಿದ ಎಂಜಿನಿಯರ್ ಇಬ್ಬರ ಸಹಿ, ಆರ್‌ಸಿಯಲ್ಲಿ ಹೊಸ ಸಿಸಿ, ಅದಕ್ಕೆ ತಕ್ಕ ಪ್ರೀಮಿಯಂ. ಇಷ್ಟೇ. ಕಾಯ್ದೆ ತಿದ್ದಬೇಕಾದ್ದು ಕೇಂದ್ರ, ಆದರೆ ಬೇಡಿಕೆ ರಾಜ್ಯದಿಂದ ಹೋಗಬಹುದು. ಕೈಕೆಲಸ ಬಲ್ಲ ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ರಾಜ್ಯವೇ ಶುರು ಮಾಡಬಹುದು.

ಅಲ್ಲಿಯವರೆಗೆ ಏನು ಮಾಡೋದು ಅಂತ ಕೇಳುವವರಿಗೆ: ಇವತ್ತಿನ ಕಾನೂನಿನೊಳಗೆ ಹಳೇ ಎಂಜಿನ್ನನ್ನೇ ಬೋರಿಂಗ್ ಮಾಡಿಸಿ, ಹೆಡ್ ಕೆಲಸ ಮಾಡಿಸಿ ಹೊಸದರಂತೆ ಮಾಡಿಕೊಳ್ಳಬಹುದು. ಕೆಟ್ಟಿದ್ದರೆ ಅದೇ ಮಾದರಿಯ ಇನ್ನೊಂದನ್ನು ಹಾಕಿಸಿ ಆರ್‌ಟಿಒಗೆ ತಿಳಿಸಬಹುದು. ಇಸುಜು ಎಂಜಿನ್ನಿನ ಅಂಬಾಸಿಡರೇ ಬೇಕು ಅಂದರೆ ಕಂಪನಿಯೇ ಹಾಗೆ ಮಾಡಿದ್ದನ್ನು ಹುಡುಕಿ ಕೊಳ್ಳಬಹುದು. ಏನೇ ಮಾಡಿದರೂ ಮೊದಲ ದುಡ್ಡು ಬ್ರೇಕಿಗೆ ಹೋಗಲಿ.

ಉತ್ತರಪಾರಾ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಆ ಕಾರುಗಳನ್ನು ರಸ್ತೆಯ ಮೇಲೆ ಉಳಿಸಿರುವುದು ಈಗ ಕಂಪನಿ ಅಲ್ಲ, ಗ್ರೀಸ್ ಮೆತ್ತಿದ ಕೈಗಳು. ಬಾಗಿಲು ಹಾಕಿದ ಕಾರ್ಖಾನೆಯ ಹಳೇ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇದೆ, ಇರುವ ಆ ಕೈಗಳಿಗೆ ಇಲ್ಲ. ಕಾನೂನು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಕಾರು ಸರಿಯಾಗಿ ನಿಲ್ಲುತ್ತಾ? ಎಷ್ಟು ಹೊಗೆ ಬಿಡುತ್ತೆ? ಎಷ್ಟು ಸದ್ದು ಮಾಡುತ್ತೆ? ಅಳೆದು ಉತ್ತರ ಕೊಡೋಕೆ ಮೀಟರುಗಳಿವೆ. ಅದನ್ನು ಬಿಟ್ಟು ಇದು ಕಂಪನಿ ಕೊಟ್ಟಂತೆಯೇ ಇದೆಯಾ ಅಂತ ಮಾತ್ರ ಕೇಳುವ ಕಾನೂನು, ರಸ್ತೆಯಲ್ಲಿ ನಡೆಯುವವರನ್ನೂ ಕಾಯುತ್ತಿಲ್ಲ, ಕೆಲಸ ಬಲ್ಲವರನ್ನೂ ಬದುಕಲು ಬಿಡುತ್ತಿಲ್ಲ.